ಎತ್ತಿಗೆ ಜ್ವರ, ಪಾನಿಪುರಿಗೆ ಬರೆ

ನಮ್ಮ ನಾಲ್ಕನೇ ಕ್ರಾಸಿನ ಮೂಲೆಯ ಪಾನಿಪುರಿ ಗಾಡಿಯವರಿಗೆ,

ನಾನು ಯಾರೆಂದು ನಿಮಗೆ ಗೊತ್ತು. ಈರುಳ್ಳಿ ಜಾಸ್ತಿ, ಸಿಹಿ ಕಮ್ಮಿ ಎಂದು ಹೇಳಿ, ಕೊನೆಗೆ ಒಂದು ಪುರಿ ಮೇಲೆ ಹಾಕಿಸಿಕೊಳ್ಳದೆ ಕದಲದ ಹೆಂಗಸು. ಮೊದಮೊದಲು ನೀವು ನನ್ನನ್ನು ‘ಅಕ್ಕಾ’ ಎನ್ನುತ್ತಿದ್ದಿರಿ. ಆಮೇಲೆ ‘ಆಂಟಿ’ ಆಯಿತು. ಹೋದ ವರ್ಷದಿಂದ ‘ಅಮ್ಮಾ’ ಎನ್ನುತ್ತಿದ್ದೀರಿ. ಆ ವಿಷಯದಲ್ಲಿ ನಿಮ್ಮ ಮೇಲಿನ ಸಿಟ್ಟು ನನಗೆ ಹಾಗೇ ಇದೆ. ಈ ಪತ್ರ ಬೇರೆ ವಿಷಯಕ್ಕೆ.

ಇಪ್ಪತ್ತು ವರ್ಷಗಳಿಂದ ನಮ್ಮ ಮನೆಯಲ್ಲಿ ಯಾರ ಹೊಟ್ಟೆ ಕೆಟ್ಟರೂ ತೀರ್ಪು ನಿಮ್ಮ ವಿರುದ್ಧವೇ ಆಗಿದೆ. ಸಾಕ್ಷಿ ಇಲ್ಲ, ವಿಚಾರಣೆ ಇಲ್ಲ, ನಿಮಗೊಂದು ನೋಟಿಸೂ ಇಲ್ಲ. ಬಚ್ಚಲಿನಿಂದ ಓಕರಿಸುವ ಸದ್ದು ಬಂತೆಂದರೆ ನಡುಮನೆಯಿಂದ ನಮ್ಮತ್ತೆಯ ದನಿ ಏಳುತ್ತದೆ: ‘ಆ ಗಾಡಿ ತಾವ ನಿಂತ್ಕಂಡು ತಿನ್ಬ್ಯಾಡಿ ಅಂತ ಬಡ್ಕತೀನಿ.’ ಒಮ್ಮೆ ನೀವು ಊರಿಗೆ ಹೋಗಿ ಹದಿನೈದು ದಿನ ಗಾಡಿಯೇ ಇರಲಿಲ್ಲ. ಆ ಹದಿನೈದು ದಿನದಲ್ಲೇ ನಮ್ಮ ಯಜಮಾನರಿಗೆ ಭೇದಿ ಹತ್ತಿತು. ‘ಹಳೇದು ಹೊಟ್ಟೇಲೇ ಉಳ್ಕಂಡಿತ್ತು’ ಎಂದು ಅತ್ತೆ ಆಗಲೂ ನಿಮ್ಮನ್ನೇ ಹಿಡಿದರು. ನಾನು ತಲೆಯಾಡಿಸಿದೆ. ಅಡುಗೆ ಮಾಡುವವಳು ನಾನು. ಬೇರೆ ಯಾರ ತಲೆಗಾದರೂ ಕಟ್ಟಲು ಸಿಕ್ಕರೆ ಬೇಡ ಎನ್ನುವಷ್ಟು ದಡ್ಡಿ ನಾನಲ್ಲ.

ಈಗ ಹೇಳಲೇಬೇಕಾದ ಪ್ರಸಂಗ ಬಂದಿದೆ.

ಏಪ್ರಿಲ್‌ನ ಒಂದು ಶನಿವಾರ ನನ್ನ ನಾದಿನಿ ಮಂಡ್ಯದಿಂದ ಮಗನನ್ನು ಕರೆದುಕೊಂಡು ಬಂದಿದ್ದಳು. ಸಂಜೆ ಯಜಮಾನರು, ನಮ್ಮ ಮಗಳು, ನಾದಿನಿಯ ಎಂಟು ವರ್ಷದ ಹುಡುಗ, ನಾನು, ನಾಲ್ವರೂ ನಿಮ್ಮ ಗಾಡಿಯ ಮುಂದೆ ದೊನ್ನೆ ಹಿಡಿದು ನಿಂತಿದ್ದೆವು. ನಾದಿನಿಗೆ ಶನಿವಾರದ ಒಪ್ಪತ್ತು, ಬರಲಿಲ್ಲ. ಅತ್ತೆಗೆ ಎಂಬತ್ತೆರಡು, ಹಲ್ಲಿಲ್ಲ, ನಿಮ್ಮ ಮೇಲೆ ನಂಬಿಕೆಯಂತೂ ಮೊದಲೇ ಇಲ್ಲ. ರಾತ್ರಿ ಎಂಟಕ್ಕೆ ನಾನು ದೊಡ್ಡ ತಪ್ಪಲೆಯಲ್ಲಿ ಅನ್ನಕ್ಕಿಟ್ಟೆ. ಮನೆಗೆ ನೆಂಟರು ಬಂದಾಗ ಅನ್ನ ಉಳಿಯದಿದ್ದರೆ ಅದು ಸಾಲಲಿಲ್ಲವೆಂದೇ ಲೆಕ್ಕ. ಆದ್ದರಿಂದ ಉಳಿಯುವ ಹಾಗೇ ಮಾಡಿದೆ. ಅರ್ಧ ತಪ್ಪಲೆ ಉಳಿಯಿತು. ಮೇಲೊಂದು ತಟ್ಟೆ ಮುಚ್ಚಿ ಅಡುಗೆಮನೆ ಕಟ್ಟೆಯ ಮೇಲೇ ಬಿಟ್ಟು ಮಲಗಿದೆ. ಬೆಳಗ್ಗೆ ಚಿತ್ರಾನ್ನ. ಬಿಸಿ ಅನ್ನ ಕಲೆಸಿದರೆ ಮುದ್ದೆಯಾಗುತ್ತದೆ, ರಾತ್ರಿಯ ಅನ್ನವಾದರೆ ಉದುರುದುರು. ಇದು ನಮ್ಮ ಸೀಮೆಯ ಹೆಂಗಸರಿಗೆಲ್ಲ ಗೊತ್ತಿರುವ ಶಾಸ್ತ್ರ.

ಎಂಟೂವರೆಗೆ ತಿಂಡಿ. ಮಗಳು ತೂಕ ಇಳಿಸುವ ವ್ರತದಲ್ಲಿದ್ದಳು, ಓಟ್ಸ್ ಕಲಸಿಕೊಂಡಳು. ಹುಡುಗ ಹಟ ಮಾಡಿ ನೂಡಲ್ಸ್ ಮಾಡಿಸಿಕೊಂಡ. ಉಳಿದ ಮೂವರು ಚಿತ್ರಾನ್ನ ತಿಂದರು. ಎಲ್ಲರಿಗೂ ಬಡಿಸಿ, ಬಾಂಡಲಿ ಬಳಿದು ನಾನು ತಿನ್ನುವ ಹೊತ್ತಿಗೆ ಹತ್ತು ಗಂಟೆ. ಹತ್ತೂ ಮುಕ್ಕಾಲಿಗೆ ಅತ್ತೆ ವಾಂತಿ ಮಾಡಿಕೊಂಡರು. ಹನ್ನೊಂದಕ್ಕೆ ಯಜಮಾನರು. ಹನ್ನೊಂದೂವರೆಗೆ ನಾದಿನಿ. ಎಲ್ಲರ ಬೆನ್ನು ನೀವುತ್ತಾ ಓಡಾಡುತ್ತಿದ್ದ ನಾನು ಒಂದು ಗಂಟೆಗೆ ಸರಿಯಾಗಿ ನನ್ನ ಸರದಿ ತೆಗೆದುಕೊಂಡೆ. ಪಂಕ್ತಿಯಲ್ಲಿ ಕೊನೆಗೆ ಉಂಡವಳು ಬಚ್ಚಲಿಗೂ ಕೊನೆಗೇ ಹೋದೆ.

ಎರಡು ವಾಂತಿಗಳ ನಡುವಿನ ಬಿಡುವಿನಲ್ಲಿ ಅತ್ತೆ ತೀರ್ಪು ಕೊಟ್ಟದ್ದಾಯಿತು. ಆದರೆ ಆವತ್ತು ಮನೆಯಲ್ಲಿ ನಿಮ್ಮ ಪರ ವಕೀಲೆಯೊಬ್ಬಳಿದ್ದಳು. ನಮ್ಮ ಮಗಳು ನರ್ಸಿಂಗ್ ಓದುತ್ತಾಳೆ. ಗೋಡೆಯ ಕ್ಯಾಲೆಂಡರಿನಿಂದ ಹಳೆಯ ತಿಂಗಳನ್ನು ಹರಿದು, ಅದರ ಬೆನ್ನಿಗೆ ಗೆರೆ ಎಳೆದಳು. ಯಾರು ಏನು ತಿಂದರು, ಯಾರಿಗೆ ಏನಾಯಿತು. ಚಿತ್ರಾನ್ನ ತಿಂದವರು ನಾಲ್ಕು ಜನ, ನಾಲ್ವರಿಗೂ ವಾಂತಿ. ತಿನ್ನದವರು ಇಬ್ಬರು, ಇಬ್ಬರೂ ಗಟ್ಟಿಮುಟ್ಟು. ಪಾನಿಪುರಿ ತಿಂದ ನಾಲ್ವರಲ್ಲಿ ಮಲಗಿದವರು ಇಬ್ಬರೇ. ಪಾನಿಪುರಿಯನ್ನು ಮುಟ್ಟದ ಇಬ್ಬರೂ ಹಾಸಿಗೆ ಹಿಡಿದಿದ್ದಾರೆ. ‘ಈ ಲೆಕ್ಕದಲ್ಲಿ ಪಾನಿಪುರಿನ ಔಷಧಿ ಅನ್ನಬೇಕು ಕಣಮ್ಮ’ ಎಂದಳು. ನಗಲು ಹೋದೆ, ಮತ್ತೆ ಬಚ್ಚಲಿಗೆ ಓಡಬೇಕಾಯಿತು.

ಒಂದೂರಲ್ಲಿ ಮದುವೆ ಊಟ ಉಂಡು ನೂರು ಜನ ಮಲಗಿದರೆ ಆರೋಗ್ಯ ಇಲಾಖೆಯವರು ಬಂದು ಮೊದಲು ಮಾಡುವ ಕೆಲಸ ಇದೇ ಅಂತೆ. ಯಾರು ತಿಂದರು ಎಂದಷ್ಟೇ ಕೇಳುವುದಿಲ್ಲ. ಯಾರು ತಿನ್ನಲಿಲ್ಲ, ಅವರು ಹೇಗಿದ್ದಾರೆ ಎಂದೂ ಕೇಳುತ್ತಾರೆ. ಎರಡನೆಯ ಪ್ರಶ್ನೆಯನ್ನು ನಾವು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಜೊತೆಗೆ ಗಡಿಯಾರದ ಲೆಕ್ಕ ಬೇರೆ. ತಿಂದ ಎರಡು ಮೂರು ಗಂಟೆಯೊಳಗೆ ವಾಂತಿ ಶುರುವಾದರೆ ಕೀಟಾಣು ಹೊಟ್ಟೆಗೆ ಹೋಗಿ ಸಂಸಾರ ಹೂಡುವಷ್ಟು ಹೊತ್ತು ಆಗಿರುವುದಿಲ್ಲ. ಅದು ಅನ್ನದಲ್ಲೇ ಕೂತು ಮೊದಲೇ ವಿಷ ಮಾಡಿಟ್ಟಿರುತ್ತದೆ, ನಾವು ತಿನ್ನುವುದು ಸಿದ್ಧ ವಿಷವನ್ನು. ಮೊಟ್ಟೆ, ಕೋಳಿಯಿಂದ ಬರುವ ಸಾಲ್ಮೊನೆಲ್ಲಾ ಹಾಗಲ್ಲ. ಅದಕ್ಕೆ ಆರು ಗಂಟೆಯಾದರೂ ಬೇಕು, ಮೂರು ದಿನ ತೆಗೆದುಕೊಂಡರೂ ತೆಗೆದುಕೊಂಡಿತೇ. ಅಂದರೆ ಸೋಮವಾರ ಹೊಟ್ಟೆ ಹಿಡಿದುಕೊಂಡವರು ಭಾನುವಾರ ಸಂಜೆಯ ನಿಮ್ಮ ಗಾಡಿಯನ್ನು ನೆನೆಯುವುದು ಸುಲಭ. ಶನಿವಾರ ಮಧ್ಯಾಹ್ನ ಮನೆಯಲ್ಲೇ ತಿಂದ ಅರೆಬೆಂದ ಆಮ್ಲೆಟ್ ಅಷ್ಟು ಹೊತ್ತಿಗೆ ಮರೆತುಹೋಗಿರುತ್ತದೆ.

ಅನ್ನದ ಆ ಕೀಟಾಣುವಿನ ಹೆಸರು ಬ್ಯಾಸಿಲಸ್ ಸೀರಿಯಸ್. ಮಣ್ಣಿನಲ್ಲಿರುತ್ತದೆ, ಭತ್ತದ ಜೊತೆ ಬರುತ್ತದೆ, ಅಕ್ಕಿಯ ಜೊತೆ ಡಬ್ಬಕ್ಕಿಳಿಯುತ್ತದೆ. ಕಷ್ಟ ಬಂದರೆ ಗಟ್ಟಿ ಕವಚ ತೊಟ್ಟು ಬೀಜದಂತೆ ಮಲಗುವ ಜಾತಿ ಅದು. ಅನ್ನ ಕುದ್ದರೂ ಆ ಬೀಜ ಸಾಯುವುದಿಲ್ಲ. ಆಮೇಲೆ ಅನ್ನ ತಣಿಯುತ್ತ ಬೆಚ್ಚಗಾದಾಗ ಎಚ್ಚರವಾಗಿ, ಮೊಳೆತು, ಹೆಚ್ಚುತ್ತದೆ. ದೊಡ್ಡ ತಪ್ಪಲೆಯ ಅನ್ನದ ನಡುಮಧ್ಯ ಎಷ್ಟೋ ಹೊತ್ತು ಬೆಚ್ಚಗೇ ಇರುತ್ತದೆ. ಮೇಲೆ ತಟ್ಟೆ ಮುಚ್ಚಿ ಅದಕ್ಕೆ ಕಂಬಳಿ ಹೊದಿಸಿದವಳು ನಾನೇ. ಹಾಗೆ ಹೆಚ್ಚುವಾಗ ಅದು ಬಿಡುವ ಸೆರ್ಯುಲೈಡ್ ಎಂಬ ವಿಷ 121 ಡಿಗ್ರಿ ಶಾಖದಲ್ಲಿ ಗಂಟೆಗೂ ಹೆಚ್ಚು ಹೊತ್ತು ಇಟ್ಟರೂ ಕೆಡುವುದಿಲ್ಲ. ನಮ್ಮ ಕುಕ್ಕರ್ ನಾಲ್ಕಲ್ಲ, ನಲವತ್ತು ಸೀಟಿ ಹೊಡೆದರೂ ಅದಕ್ಕೆ ಲೆಕ್ಕವಿಲ್ಲ. ನಾನು ಎರಡು ನಿಮಿಷ ಒಗ್ಗರಣೆಯಲ್ಲಿ ತಿರುವಿ, ನಿಂಬೆಹಣ್ಣು ಹಿಂಡಿ, ಎಲ್ಲ ಸರಿಯಾಯಿತೆಂದುಕೊಂಡೆ. ವಾಸನೆ ಬಂದಿರಲಿಲ್ಲ, ಅಂಟು ಎಳೆದಿರಲಿಲ್ಲ, ರುಚಿಯೂ ಕೆಟ್ಟಿರಲಿಲ್ಲ. ‘ಏನೂ ಆಗಿಲ್ಲ, ಮೂಸಿ ನೋಡಿ’ ಎಂದು ನಾನೇ ಅತ್ತೆಯ ಮೂಗಿಗೆ ಹಿಡಿದಿದ್ದೆ. ಹಳಸಿದ ಅನ್ನಕ್ಕೆ ವಾಸನೆ ಬರುವುದು ಬೇರೆ ಕೀಟಾಣುಗಳ ಔದಾರ್ಯದಿಂದ. ಇದಕ್ಕೆ ಆ ಸೌಜನ್ಯವಿಲ್ಲ.

1970ರ ದಶಕದ ಮೊದಲಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರು ಹೀಗೇ ಗಂಟೆಯೊಪ್ಪತ್ತಿನಲ್ಲಿ ವಾಂತಿ ಮಾಡಿಕೊಳ್ಳತೊಡಗಿದಾಗ ಈ ವಾಂತಿ ವಿಷದ ಗುಟ್ಟು ಬಯಲಾಯಿತು. ಅಲ್ಲಿನ ಬಾಣಸಿಗರು ರಾಶಿ ಅನ್ನ ಬೇಯಿಸಿ, ತಣ್ಣಗಿಟ್ಟರೆ ಗಂಟಾಗುತ್ತದೆಂದು ರಾತ್ರಿಯೆಲ್ಲ ಹೊರಗೇ ಬಿಟ್ಟು, ಮರುದಿನ ಹುರಿಯುತ್ತಿದ್ದರು. ಉದುರುದುರಾಗಲಿ ಅಂತ! ಎಲ್ಲಿಯ ಲಂಡನ್, ಎಲ್ಲಿಯ ಚಿತ್ರಾನ್ನ. ಆ ಶಾಸ್ತ್ರ ನಮ್ಮ ಸೀಮೆಗೇ ಮೀಸಲು ಎಂದುಕೊಂಡಿದ್ದೆ.

ಇದೇ ಕೀಟಾಣು ಭೇದಿಯನ್ನೂ ಹಚ್ಚಬಲ್ಲದು. ಅದನ್ನು ಪತ್ತೆ ಮಾಡಿದವನ ಕಥೆ ಕೇಳಿ. 1940ರ ದಶಕದ ಕೊನೆಯಲ್ಲಿ ನಾರ್ವೆಯ ಓಸ್ಲೋದಲ್ಲಿ ಆಸ್ಪತ್ರೆಯ ಊಟದಿಂದ ನೂರಾರು ಜನರಿಗೆ ಭೇದಿಯಾಯಿತು. ಹಿಂದಿನ ದಿನ ಕಾಯಿಸಿ ದೊಡ್ಡ ಪಾತ್ರೆಯಲ್ಲಿ ಹೊರಗಿಟ್ಟಿದ್ದ ವೆನಿಲ್ಲಾ ಸಾಸಿನ ಮೇಲೆ ಅನುಮಾನ ಬಂತು. ಸ್ಟೈನಾರ್ ಹೌಗೆ ಎಂಬ ವಿಜ್ಞಾನಿ ಆ ಕೀಟಾಣುವನ್ನು ಸಾಸಿನಲ್ಲಿ ಬೆಳೆಸಿ ಒಂದು ಲೋಟದಷ್ಟನ್ನು, ಸುಮಾರು 200 ಮಿಲಿಲೀಟರ್, ತಾನೇ ಕುಡಿದ. ಅರ್ಧ ದಿನ ಕಳೆಯುವ ಹೊತ್ತಿಗೆ ಅವನಿಗೆ ಬೇಕಾದ ಸಾಕ್ಷಿ ಹೊಟ್ಟೆ ನುಲಿತದ ಸಮೇತ ಸಿಕ್ಕಿತು. ನಮ್ಮಲ್ಲಿ ಪದ್ಧತಿ ಬೇರೆ. ಅನುಮಾನ ಬಂದದ್ದನ್ನು ಮೊದಲು ಯಜಮಾನರಿಗೆ ಬಡಿಸಿ ನೋಡುತ್ತೇವೆ.

ನ್ಯಾಯವಾಗಿ ಹೇಳಬೇಕೆಂದರೆ ಅಪರಾಧಿ ಅನ್ನವೊಂದೇ ಎಂದು ಮಗಳೂ ಆಣೆ ಮಾಡಲಿಲ್ಲ. ವಾಂತಿಯನ್ನು ಯಾರೂ ಲ್ಯಾಬಿಗೆ ಕಳಿಸಲಿಲ್ಲ. ಅದೇ ವಾರ ಕಾಯಿ ತುರಿಯುವಾಗ ನನ್ನ ತೋರುಬೆರಳು ತುರಿಮಣೆಗೆ ತಾಗಿ ಗಾಯವಾಗಿತ್ತು, ಕೊಂಚ ಕೀವೂ ಇತ್ತು. ಗಾಯದಲ್ಲಿ, ಮೂಗಿನಲ್ಲಿ ಇರುವ ಸ್ಟ್ಯಾಫಿಲೊಕಾಕಸ್ ಎಂಬ ಇನ್ನೊಂದು ಕೀಟಾಣುವೂ ಹೀಗೇ ವಿಷ ಮಾಡಿಟ್ಟು ಗಂಟೆಗಳಲ್ಲೇ ವಾಂತಿ ಮಾಡಿಸುತ್ತದೆ, ಅದರ ವಿಷವೂ ಕುದಿತಕ್ಕೆ ಜಗ್ಗುವುದಿಲ್ಲ. ರಾತ್ರಿ ಉಳಿದ ಅನ್ನವನ್ನು ಕೆದರಿ ಬಿಟ್ಟದ್ದು ಸೌಟಿನಲ್ಲಲ್ಲ, ಅದೇ ಕೈಯಲ್ಲಿ. ‘ಕೈ ಮುಟ್ಟಿದರೇನೇ ರುಚಿ’ ಎನ್ನುತ್ತಾರಲ್ಲ, ಆ ರುಚಿಯೂ ಇರಬಹುದು. ಅನ್ನ ಮುಟ್ಟಿದ ಕೈಯನ್ನು ‘ಮುಸುರೆ’ ಎಂದು ಗೊಣಗುತ್ತಾ ಹತ್ತು ಸಲ ತೊಳೆಸುವ ಅತ್ತೆ, ಅನ್ನ ಮುಟ್ಟುವ ಮೊದಲು ಸೋಪು ಹಾಕಿ ತೊಳೆದೆಯಾ ಎಂದು ಒಂದು ಸಲವೂ ಕೇಳಿದವರಲ್ಲ. ಎರಡರಲ್ಲಿ ಯಾವುದಾದರೂ ಆಗಲಿ, ನಿಮ್ಮ ಗಾಡಿಯದಂತೂ ಅಲ್ಲ.

ಇನ್ನು ಫ್ರಿಜ್ಜು. ನಮ್ಮ ಮನೆಯಲ್ಲಿ ಎರಡಿವೆ, ಒಂದು ಕೆಟ್ಟಿರುವುದು, ಅದರಲ್ಲಿ ಅಕ್ಕಿಬೇಳೆ. ಇನ್ನೊಂದರಲ್ಲಿ ದೋಸೆಹಿಟ್ಟು, ದೇವರ ಹೂವು, ಯಜಮಾನರ ಇನ್ಸುಲಿನ್, ಮೂರು ಬೇರೆ ಬೇರೆ ದಿನದ ಬೇಳೆಸಾರು. ಅನ್ನಕ್ಕೆ ಮಾತ್ರ ಜಾಗವಿಲ್ಲ. ಬಿಸಿಯದನ್ನು ಇಟ್ಟರೆ ಫ್ರಿಜ್ ಹಾಳಾಗುತ್ತದೆ ಎಂಬುದು ನಮ್ಮ ವಂಶದ ನಂಬಿಕೆ. ಫ್ರಿಜ್ ಹಾಳಾದರೆ ಮೂವತ್ತು ಸಾವಿರ, ಮನುಷ್ಯ ಹಾಳಾದರೆ ಒಂದು ಪೊಟ್ಟಣ ಓಆರ್‌ಎಸ್. ಹಾಗೆ ನೋಡಿದರೆ ಲೆಕ್ಕ ಸರಿಯೇ. ಕುದಿಯುವ ತಪ್ಪಲೆಯನ್ನು ಹಾಗೇ ತುರುಕಬೇಕೆಂದು ಯಾರೂ ಹೇಳಿಲ್ಲ. ಅಗಲದ ತಟ್ಟೆಗೆ ತೆಳ್ಳಗೆ ಹರಡಿದರೆ ಕಾಲುಗಂಟೆ ಅರ್ಧಗಂಟೆಯಲ್ಲಿ ಆರುತ್ತದೆ, ಸಣ್ಣ ಡಬ್ಬಿಗಳಲ್ಲಿ ಒಳಗಿಟ್ಟರೆ ಮುಗಿಯಿತು. ಬೇಯಿಸಿದ್ದು ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು, ತಣ್ಣಗಿರುವುದು 5 ಡಿಗ್ರಿಗಿಂತ ಕೆಳಗಿರಲಿ, ಬಿಸಿಯಾಗಿರುವುದು 60ಕ್ಕಿಂತ ಮೇಲಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಹೇಳುತ್ತಲೇ ಇದೆ. ಅದರ ನಡುವೆ ಇರುವುದೇ ಕೀಟಾಣುಗಳ ಸುಗ್ಗಿ. ನಮ್ಮ ಅಡುಗೆಮನೆ ಕಟ್ಟೆ ವರ್ಷದ ಮುನ್ನೂರ ಅರವತ್ತೈದು ದಿನವೂ ಆ ನಡುವೆಯೇ ಇದೆ.

ನಮ್ಮಜ್ಜಿಯ ಕಾಲದಲ್ಲಿ ಫ್ರಿಜ್ ಇತ್ತೇ, ತಂಗಳನ್ನ ತಿಂದು ಗಟ್ಟಿಯಾಗಿರಲಿಲ್ಲವೇ ಎಂದು ನೀವೂ ಕೇಳಬಹುದು, ಎಲ್ಲರೂ ಕೇಳುತ್ತಾರೆ. ಅಜ್ಜಿ ಅನ್ನವನ್ನು ಕಟ್ಟೆಯ ಮೇಲೆ ಒಣಗಲು ಬಿಡುತ್ತಿರಲಿಲ್ಲ. ಗಡಿಗೆಯಲ್ಲಿ ನೀರು ಹಾಕಿ, ಹುಳಿ ಬರಿಸಿ, ಬೆಳಗ್ಗೆ ಮಜ್ಜಿಗೆ ಉಪ್ಪು ಹಾಕಿ ಉಣ್ಣುತ್ತಿದ್ದಳು. ಹುಳಿ ಏರಿದ ಕಡೆ ಈ ಕೀಟಾಣು ಬೆಳೆಯಲಾರದು. ಹಾಗಂತ ನನ್ನ ಚಿತ್ರಾನ್ನಕ್ಕೆ ಹಿಂಡಿದ ನಿಂಬೆ ಆ ಲೆಕ್ಕಕ್ಕೆ ಬರುವುದಿಲ್ಲ, ಅದು ವಿಷವಾದ ಮೇಲೆ ಬಂದ ಪೊಲೀಸು. ದೂರದ ಪಯಣಕ್ಕೆ ಅಜ್ಜಿ ಕಟ್ಟುತ್ತಿದ್ದ ಬುತ್ತಿ ನೆನಪಿಸಿಕೊಳ್ಳಿ. ಹುಣಸೆಯ ಗೊಜ್ಜು ಕುಡಿದ ಪುಳಿಯೋಗರೆ, ಹುರಿದು ಕುಟ್ಟಿದ ಚಟ್ನಿಪುಡಿ. ಬಡಗಣದವರಾದರೆ ನೀರಿನ ಪಸೆಯೇ ಇಲ್ಲದ ಖಡಕ್ ರೊಟ್ಟಿ, ಶೇಂಗಾ ಹೋಳಿಗೆ. ಒಂದೋ ಹುಳಿ, ಇಲ್ಲವೇ ಒಣ. ಕಾಯಿಚಟ್ನಿ ಕಟ್ಟಿ ಧರ್ಮಸ್ಥಳಕ್ಕೆ ಹೊರಟವಳಲ್ಲ ಅವಳು. ಎಲ್ಲಕ್ಕಿಂತ ಮುಖ್ಯವಾಗಿ ಅವಳ ಮನೆಯಲ್ಲಿ ಅಕ್ಕಿ ಅಳೆದು ಹಾಕುವಷ್ಟೇ ಇತ್ತು. ಉಳಿಯುವುದೆಂದರೇನೆಂದು ನಮಗೆ ಕಲಿಸಿದ್ದು ಬಡತನ ಹೋದ ಮೇಲಿನ ಧಾರಾಳ, ಚೆಲ್ಲಬಾರದೆಂದು ಕಲಿಸಿದ್ದು ಬಡತನ. ಎರಡೂ ಒಂದೇ ತಪ್ಪಲೆಯಲ್ಲಿ ಕೂತು ರಾತ್ರಿ ಕಳೆಯುತ್ತಿವೆ.

ಸಾರಿನ ಸಂಗತಿ ಮಾತ್ರ ಸ್ವಲ್ಪ ಬೇರೆ. ‘ನೆನ್ನೆ ಸಾರು ಇವತ್ತಿಗೇ ರುಚಿ’ ಎನ್ನುವ ನಮ್ಮ ಬಸ್ಸಾರು, ಮಟನ್ ಸಾರುಗಳಲ್ಲಿ ಬೆಳೆಯುವುದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಅದು ಗಾಳಿಯಿಲ್ಲದ ತಳದಲ್ಲಿ ಹೆಚ್ಚುತ್ತದೆ, ವಿಷ ಬಿಡುವುದು ನಮ್ಮ ಕರುಳಿಗೆ ಇಳಿದ ಮೇಲೆ. ಆದ್ದರಿಂದ ತಳದಿಂದ ತಿರುವಿ ಕೊತಕೊತ ಕುದಿಸಿದರೆ ಅದು ಸಾಯುತ್ತದೆ, ನಾವು ಬದುಕುತ್ತೇವೆ. ಬೆಚ್ಚಗೆ ಮಾಡಿ ಬಡಿಸಿದರೆ ತಿರುಗುಮುರುಗು. ‘ಬಿಸಿ ಮಾಡಿದ್ರೆ ಆಯ್ತು’ ಎಂಬ ಒಂದೇ ಮಂತ್ರವನ್ನು ಅನ್ನಕ್ಕೂ ಸಾರಿಗೂ ಜಪಿಸುತ್ತಿದ್ದೆವು. ಒಂದು ಕಡೆ ಫಲಿಸಿದ್ದನ್ನು ನೋಡಿ ಇನ್ನೊಂದು ಕಡೆಯೂ ನಂಬಿದೆವು. ಭಾನುವಾರದ ಕೋಳಿಯದು ಮತ್ತೊಂದು ಕಥೆ. ಯಜಮಾನರು ಅದನ್ನು ನಲ್ಲಿಯ ಕೆಳಗೆ ಹಿಡಿದು ತಲೆಗೆ ಸ್ನಾನ ಮಾಡಿಸುತ್ತಾರೆ. ಆ ನೀರು ಪಕ್ಕದ ಕೊತ್ತಂಬರಿಗೆ, ಬಟ್ಟಲಿಗೆ, ಮಸಿಬಟ್ಟೆಗೆ ಸಿಡಿಯುತ್ತದೆ. ಕೋಳಿಯ ಕೀಟಾಣು ಹೇಗೂ ಒಲೆಯ ಮೇಲೆ ಸಾಯುತ್ತದೆ, ಕೊತ್ತಂಬರಿಯ ಮೇಲಿನದು ನೇರ ಕೋಸಂಬರಿಗೆ ಹೋಗುತ್ತದೆ. ಆಮೇಲೆ ಕೋಳಿ ಕತ್ತರಿಸಿದ ಮಣೆಯ ಮೇಲೇ ಸೌತೆಕಾಯಿ ಹೆಚ್ಚುವವಳು ನಾನು, ಅದೇ ಮಸಿಬಟ್ಟೆಯಲ್ಲಿ ಊಟದ ತಟ್ಟೆ ಒರೆಸುವವರು ಅತ್ತೆ. ನಿಮ್ಮ ಹೆಗಲ ಮೇಲಿನ ಟವೆಲನ್ನು ನೋಡಿ ಮೂಗು ಮುರಿಯುವವರೂ ಅವರೇ.

ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ. ಅವಳ ಕೂಸಿನ ನಾಲಿಗೆಗೆ ಜೇನುತುಪ್ಪ ಹಚ್ಚಲು ಅತ್ತೆ ಹೊರಟಾಗ ಮಗಳು ಬಾಗಿಲಿಗೆ ಅಡ್ಡ ನಿಂತಳು. ವರ್ಷ ತುಂಬದ ಮಕ್ಕಳಿಗೆ ಜೇನು ಕೊಡಬಾರದು. ಅದರಲ್ಲಿ ಬಾಟ್ಯುಲಿಸಂ ತರುವ ಬೀಜಗಳಿರಬಹುದು, ನಮ್ಮ ಕರುಳಿಗೆ ಅವು ಲೆಕ್ಕಕ್ಕಿಲ್ಲ, ಎಳೆಯ ಕರುಳಿನಲ್ಲಿ ಮೊಳೆತು ಕೂಸಿನ ಕೈಕಾಲು ಉಸಿರುಗಳನ್ನೇ ಸೋಲಿಸಬಲ್ಲವು. ಇದರಲ್ಲಿ ನನಗೆ ತಮಾಷೆ ಹೊಳೆಯುತ್ತಿಲ್ಲ.

ಚಿಕಿತ್ಸೆಗೆ ಬರುತ್ತೇನೆ. ನಾಲ್ಕು ಜನ ಮಲಗಿರುವ ಮನೆಗೆ ನಲವತ್ತು ಜನ ವೈದ್ಯರು ಫೋನಿನಲ್ಲೇ ಬಂದರು. ಮೆಂತ್ಯ ನುಂಗಿ ಎಂದರು, ಜಾಯಿಕಾಯಿ ತೇಯ್ದು ನೆಕ್ಕಿ ಎಂದರು, ಗೋಲಿಸೋಡ ಕುಡಿಯಿರಿ ಎಂದರು, ಯಜಮಾನರ ಸ್ನೇಹಿತರೊಬ್ಬರು ಒಂದು ಪೆಗ್ ಬ್ರಾಂದಿ ಬರೆದುಕೊಟ್ಟರು. ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿ ಹೋದ ಸಲದ ಅರ್ಧ ಸ್ಟ್ರಿಪ್ ಮಾತ್ರೆ ಇತ್ತು. ಯಾವ ಕಾಯಿಲೆಯದೋ, ಯಾರದೋ. ಯಜಮಾನರು ಅದನ್ನೂ ಕೈಗೆತ್ತಿಕೊಂಡಿದ್ದರು. ಮಗಳು ಕಿತ್ತುಕೊಂಡಳು. ಮೊದಲೇ ತಯಾರಾದ ವಿಷಕ್ಕೆ ಆಂಟಿಬಯೋಟಿಕ್ ಏನೂ ಮಾಡಲಾರದು. ಭೇದಿ ತಡೆಯುವ ಮಾತ್ರೆಯನ್ನು ಮಕ್ಕಳಿಗಂತೂ ಕೊಡಲೇಬಾರದು, ದೊಡ್ಡವರಿಗೂ ಜ್ವರ, ರಕ್ತ ಇದ್ದಾಗ ಕೊಡಬಾರದು. ಹೊರಗೆ ಹೋಗಬೇಕಾದ್ದನ್ನು ಒಳಗೇ ಕೂಡಿಹಾಕಿದಂತೆ. ಈ ಜಾತಿಯ ವಾಂತಿ ಸಾಮಾನ್ಯವಾಗಿ ಒಂದು ದಿನದೊಳಗೆ ತಾನಾಗಿ ನಿಲ್ಲುತ್ತದೆ. ಅಷ್ಟರಲ್ಲಿ ಮೈಯಿಂದ ಹೋಗುವ ನೀರು ಉಪ್ಪನ್ನು ತುಂಬಿಕೊಡುವುದೇ ನಿಜವಾದ ಚಿಕಿತ್ಸೆ.

ಅಂದರೆ ಓಆರ್‌ಎಸ್. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಗಡಿಯ ಬಂಗಾಂವ್‌ನಲ್ಲಿ ಕಾಲರಾದಿಂದ ಆಸ್ಪತ್ರೆಯ ನೆಲದ ಮೇಲೇ ಸಾಯುತ್ತಿದ್ದರು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಲನೊಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಗಳನ್ನು ಅಳತೆಯಿಟ್ಟು ನೀರಿಗೆ ಕಲಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಆ ಪುಣ್ಯಾತ್ಮರು 2022ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು. ಸರ್ಕಾರದ ಪ್ರಶಸ್ತಿಯ ನಡಿಗೆಗೆ ಐವತ್ತೆರಡು ವರ್ಷ ಹೆಚ್ಚಲ್ಲ.

ಇಂಥ ವಸ್ತು ಮೆಡಿಕಲ್ ಶಾಪಿನಲ್ಲಿ ಕೆಲವೇ ರೂಪಾಯಿಗೆ ಸಿಗುವುದರಿಂದ ನಮ್ಮ ಯಜಮಾನರಿಗೆ ಅದರ ಮೇಲೆ ಗೌರವವಿಲ್ಲ. ಕ್ಲಿನಿಕ್ಕಿಗೆ ಹೋದವರೇ ‘ಒಂದ್ ಬಾಟ್ಲಿ ಗ್ಲೂಕೋಸ್ ಏರಿಸಿಬಿಡಿ ಡಾಕ್ಟ್ರೇ’ ಎಂದರು. ಡಾಕ್ಟರು ಕೇಳಿದ್ದು ಇಷ್ಟೇ: ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲುತ್ತಿದೆಯಾ, ಮೂತ್ರ ಹೋಯಿತಾ, ಮಲದಲ್ಲಿ ರಕ್ತ ಇದೆಯಾ, ಜ್ವರ 102 ದಾಟಿದೆಯಾ, ಕಣ್ಣು ಮಂಜಾಗುತ್ತಿದೆಯಾ. ಮೊದಲೆರಡಕ್ಕೆ ಹೌದು, ಉಳಿದವಕ್ಕೆ ಇಲ್ಲ ಎಂದಾಗ ಪೊಟ್ಟಣ ಕೊಟ್ಟು ಸಕ್ಕರೆ ಲೆಕ್ಕ ನೋಡಿಕೊಳ್ಳುತ್ತಿರಿ ಎಂದರು. ಸೂಜಿ ಚುಚ್ಚಿಸಿಕೊಳ್ಳದೆ ಬಂದದ್ದು ಯಜಮಾನರಿಗೆ ಅವಮಾನವಾಯಿತು. ಅತ್ತೆಯನ್ನು ಮಾತ್ರ ಸಂಜೆಯವರೆಗೆ ಅಲ್ಲೇ ಮಲಗಿಸಿಕೊಂಡರು. ಎಂಬತ್ತೆರಡರ ಮೈ, ಅದರ ಮೇಲೆ ಬೀಪಿಗೆ ನೀರು ಇಳಿಸುವ ಮಾತ್ರೆ. ವಯಸ್ಸಾದವರು, ಬಸುರಿಯರು, ಕೈಗೂಸುಗಳು ಬೇಗ ಒಣಗುತ್ತಾರೆ. ಅವರ ವಿಷಯದಲ್ಲಿ ‘ನಾಳೆ ನೋಡೋಣ’ ನಡೆಯದು. ದೊಡ್ಡವರಿಗೂ ಭೇದಿ ಮೂರು ದಿನ ದಾಟಿದರೆ ತೋರಿಸಲೇಬೇಕು.

ಕುಡಿಸುವುದರಲ್ಲೂ ನಾವು ಜಾಣರೇ. ಒಂದು ಲೀಟರಿನ ಪೊಟ್ಟಣವನ್ನು ನಾದಿನಿ ಒಂದೇ ಲೋಟಕ್ಕೆ ಸುರಿದಿದ್ದಳು, ಗಟ್ಟಿಯಾಗಿದ್ದರೆ ಶಕ್ತಿ ಜಾಸ್ತಿ ಅಂತ. ಅದು ಒಳಗಿನ ನೀರನ್ನೂ ಎಳೆದು ಹೊರಗೆ ಹಾಕುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರು, ಕಲಸಿದ್ದು 24 ಗಂಟೆಯೊಳಗೆ ಮುಗಿಯಬೇಕು. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಲೆತಟ್ಟಿದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗಟಗಟ ಕುಡಿದರೆ ಬಂದ ದಾರಿಯಲ್ಲೇ ಹೋಗುತ್ತದೆ. ವಾಂತಿಯಾದ ಮೇಲೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕುಡಿಸಬೇಕು. ಉಪ್ಪು ಹಾಕಿದ ಗಂಜಿ, ನೀರು ಮಜ್ಜಿಗೆ ಒಳ್ಳೆಯವೇ, ಅಜ್ಜಿಗೆ ಅಲ್ಲೂ ಒಂದು ಅಂಕ. ರಂಗುರಂಗಿನ ಡಬ್ಬಿಯ ಸಿಹಿ ಜ್ಯೂಸು ಬೇಡ. ಹಾಗೆ ಸಕ್ಕರೆ ತುಂಬಿದ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಹಾಕಿಕೊಂಡು ಮೆಡಿಕಲ್ ಶಾಪಿನಲ್ಲಿ ಕೂತಿದ್ದವು. ಸೂತ್ರಕ್ಕೆ ಹೊಂದದ ಯಾವುದೂ ಆ ಹೆಸರು ಇಟ್ಟುಕೊಳ್ಳಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳಲು 2025ರ ಅಕ್ಟೋಬರ್ ಬರಬೇಕಾಯಿತು. ಮಕ್ಕಳಿಗೆ ಭೇದಿಯಾದರೆ ಓಆರ್‌ಎಸ್ ಜೊತೆ ಹತ್ತರಿಂದ ಹದಿನಾಲ್ಕು ದಿನ ಸತುವಿನ ಮಾತ್ರೆಯನ್ನೂ ಡಾಕ್ಟರು ಬರೆಯುತ್ತಾರೆ. ಎದೆಹಾಲು ನಿಲ್ಲಿಸುವಂತಿಲ್ಲ, ಉಪವಾಸ ಕೆಡವುವಂತಿಲ್ಲ.

ನನ್ನ ಕ್ಷಮಾಪಣೆ ಮುಗಿಯಿತು. ಇದನ್ನೇ ಪೂರ್ತಿ ಖುಲಾಸೆ ಎಂದು ಫ್ರೇಮು ಹಾಕಿಸಿ ಗಾಡಿಗೆ ತೂಗುಹಾಕಬೇಡಿ. ನಿಮ್ಮ ಪಾನಿಯ ನೀರು ಎಲ್ಲಿಯದು ಎಂದು ನಾನು ಇಪ್ಪತ್ತು ವರ್ಷದಲ್ಲಿ ಕೇಳಿಲ್ಲ, ಕೇಳದಿರುವುದೇ ರುಚಿಗೆ ಕ್ಷೇಮ ಎಂದುಕೊಂಡಿದ್ದೆ. ಮೊಣಕೈವರೆಗೆ ಅದ್ದುವ ಆ ಕೈಯ ವಿಷಯ ಬಾಕಿ ಇದೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದೆಂದು ನಮ್ಮ ಸರ್ಕಾರ ಆಜ್ಞೆ ಮಾಡಿತಲ್ಲ, ಆಮೇಲೆ ಪಾನಿಯ ಹಸಿರಿನ ಮೇಲೂ ನನ್ನ ಕಣ್ಣಿದೆ. ಆದರೆ ಅದೆಲ್ಲ ನೀವು ನಿಜವಾಗಿ ಮಾಡಿದ ತಪ್ಪುಗಳ ಲೆಕ್ಕ. ನನ್ನ ತಪ್ಪನ್ನು ಅದರೊಳಗೆ ಸೇರಿಸಿ ಮೊತ್ತ ಹೆಚ್ಚಿಸುವುದನ್ನು ಈವತ್ತಿಗೆ ಬಿಟ್ಟಿದ್ದೇನೆ.

ಒಂದು ಸಂಗತಿ ಹೇಳಬೇಕು. ಮೊನ್ನೆ ರಾತ್ರಿ ಹತ್ತಕ್ಕೆ ಹಾಲು ತರಲು ಬಂದಾಗ ನೀವು ಗಾಡಿ ತೊಳೆಯುತ್ತಿದ್ದಿರಿ. ಉಳಿದ ಬಟಾಣಿ ಆಲೂಗಡ್ಡೆಯನ್ನು ಪಾತ್ರೆಯಿಂದ ಬಳಿದು ಬೀದಿಯ ಹಸುವಿನ ಮುಂದೆ ಸುರಿದಿರಿ. ‘ನಾಳೆಗಿಡಲ್ವಾ?’ ಎಂದೆ. ‘ಬೇಯಿಸಿದ್ದು ರಾತ್ರಿ ಕಳೆದ್ರೆ ಕೈಗೆ ಬರಲ್ಲಮ್ಮಾ’ ಎಂದು ನೀವು ನಕ್ಕಿರಿ. ನಾನು ಹಾಲಿನ ಪಾಕೀಟು ಹಿಡಿದು ಸುಮ್ಮನೆ ಬಂದೆ. ಮನೆಯಲ್ಲಿ ಕಟ್ಟೆಯ ಮೇಲೆ ತಟ್ಟೆ ಮುಚ್ಚಿದ ತಪ್ಪಲೆ ಇತ್ತು. ತೆಗೆದು ಅಗಲವಾಗಿ ಹರಡಿದೆ.

ಶನಿವಾರ ಸಂಜೆ ಬರುತ್ತೇನೆ. ಈರುಳ್ಳಿ ಜಾಸ್ತಿ, ಸಿಹಿ ಕಮ್ಮಿ. ನಿಮ್ಮ ಹೆಸರೇನೆಂದೂ ಆವತ್ತು ಕೇಳುತ್ತೇನೆ, ಇಷ್ಟು ವರ್ಷ ಆರೋಪ ಹೊರಿಸುವಾಗ ಅದರ ಅಗತ್ಯವೇ ಬಿದ್ದಿರಲಿಲ್ಲ.

ಇಂತಿ,
ನಾಲ್ಕನೇ ಕ್ರಾಸಿನ ಮೂರನೇ ಮನೆಯಾಕೆ

ವಿ.ಸೂ.: ಮಗಳು ಬರೆದ ಪಟ್ಟಿಯನ್ನು ಅತ್ತೆಯವರಿಗೆ ಎರಡು ಸಲ ಓದಿ ಹೇಳಿದ್ದಾಯಿತು. ನೀವು ಪಾನಿಪುರಿ ಮುಟ್ಟಿಯೇ ಇಲ್ಲವಲ್ಲ ಅತ್ತೆ, ನಿಮಗ್ಯಾಕೆ ವಾಂತಿಯಾಯಿತು ಎಂದು ಕೇಳಿದೆ. ಗಂಜಿಯ ಲೋಟ ಕೆಳಗಿಟ್ಟು ಯೋಚಿಸಿ ಹೇಳಿದರು: ‘ತಿನ್ಕಂಡ್ ಬಂದೋರು ನನ್ನ ಪಕ್ಕದಲ್ಲೇ ತಾನೆ ಕುಂತಿದ್ದು!’